ಅಂಗಡಿಗೆ ಲೈಸೆನ್ಸ್ ಇದೆ, ಸೂಜಿಯನ್ನು ನೋಡುವವರು ಯಾರು?

ಕಿವಿ, ಮೂಗು, ಹುಬ್ಬು, ಹೊಕ್ಕುಳು ಚುಚ್ಚಿಸಿಕೊಳ್ಳುವ ಬಗ್ಗೆ ಶಿವಮೊಗ್ಗ ಮತ್ತು ಸುತ್ತಲಿನ ತಾಲ್ಲೂಕುಗಳಿಂದ ತುಂಬಾ ಪತ್ರಗಳು ಬಂದಿವೆ. ಕೆಲವರು ಚುಚ್ಚಿಸಿಕೊಂಡು ನೋವು ತಿಂದವರು, ಕೆಲವರು ಚುಚ್ಚುವ ಕೆಲಸದವರೇ. ಹಾಗಾಗಿ ಈ ಸಲದ ಪ್ರಶ್ನೋತ್ತರ ಪೂರ್ತಿ ಇದಕ್ಕೇ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿದ್ದಾರೆ, ಊರು ಮಾತ್ರ ಹಾಕಿದ್ದೇನೆ.

ಡಿಗ್ರಿ ಓದುವ ಮಗಳು ಗೆಳತಿಯರ ಜೊತೆ ಹೋಗಿ ಕಿವಿಯ ಮೇಲ್ಭಾಗಕ್ಕೆ ಗನ್‌ನಲ್ಲಿ ಚುಚ್ಚಿಸಿಕೊಂಡು ಬಂದಳು. ಈಗ ಅಲ್ಲಿ ಕೆಂಪಗೆ ಊದಿಕೊಂಡಿದೆ, ಮುಟ್ಟಿದರೆ ಬಿಸಿ, ರಾತ್ರಿ ನಿದ್ದೆ ಇಲ್ಲ. ಅಂಗಡಿಯವರು 'ನೀವೇ ಕ್ಲೀನಾಗಿ ಇಟ್ಟುಕೊಂಡಿಲ್ಲ' ಅಂತಾರೆ. ಲೈಸೆನ್ಸ್ ತೋರಿಸಿ ಅಂದಿದ್ದಕ್ಕೆ ಗೋಡೆಗೆ ಹಾಕಿದ್ದ ಪಾಲಿಕೆ ಲೈಸೆನ್ಸ್ ತೋರಿಸಿದರು. ಎಲ್ಲಿ ದೂರು ಕೊಡೋದು?
— ಗೃಹಿಣಿ, ಶಿವಮೊಗ್ಗ

ದೂರು ಆಮೇಲೆ, ಮೊದಲು ಕಿವಿ. ಈ ಪತ್ರಿಕೆ ನಿಮ್ಮ ಕೈಗೆ ಬರುವ ಹೊತ್ತಿಗೂ ಊತ ಇಳಿದಿಲ್ಲ ಅಂದರೆ ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ, ಮೆಗ್ಗಾನ್ ಆಸ್ಪತ್ರೆಯಲ್ಲೂ ಆ ವಿಭಾಗ ಇದೆ. ಕಿವಿಯ ಹಾಲೆಯಲ್ಲಿ ಬರೀ ಮಾಂಸ, ರಕ್ತ ಚೆನ್ನಾಗಿ ಹರಿಯುತ್ತದೆ, ಬೇಗ ಮಾಯುತ್ತದೆ. ಮೇಲ್ಭಾಗ ಹಾಗಲ್ಲ. ಅದು ಮೆದುಮೂಳೆ. ಅದಕ್ಕೆ ಸ್ವಂತ ರಕ್ತನಾಳ ಇಲ್ಲ, ಮೇಲೆ ಹೊದ್ದಿರುವ ತೆಳು ಪೊರೆಯಿಂದಲೇ ಅದಕ್ಕೆ ಆಹಾರ ಸಿಗಬೇಕು. ಪೊರೆಗೂ ಮೂಳೆಗೂ ನಡುವೆ ಕೀವು ತುಂಬಿದರೆ ಆಹಾರ ನಿಂತು ಮೆದುಮೂಳೆ ಸಾಯುತ್ತದೆ, ಕಿವಿ ಮುದುಡಿಕೊಳ್ಳುತ್ತದೆ, ಮತ್ತೆ ಮೊದಲಿನ ಆಕಾರಕ್ಕೆ ತರೋದು ಬಹಳ ಕಷ್ಟ. ನೀವೇ ನೋಡಬಹುದಾದ ಒಂದು ಗುರುತಿದೆ: ಮೇಲಿನ ಭಾಗವೆಲ್ಲ ಕೆಂಪಾಗಿ ಊದಿದ್ದು, ಕೆಳಗಿನ ಹಾಲೆ ಮಾತ್ರ ಮಾಮೂಲಿನಂತೆ ಇದ್ದರೆ ಸೋಂಕು ಮೆದುಮೂಳೆಯ ಪೊರೆಗೆ ಹೋಗಿದೆ ಅಂತ ಅನುಮಾನ ಪಡಬೇಕು.

ಮೆಡಿಕಲ್ ಶಾಪಿನಲ್ಲಿ ಕೇಳಿ ಅಮಾಕ್ಸಿಸಿಲಿನ್ ತಂದು ನುಂಗಿಸಬೇಡಿ. ಇಲ್ಲಿ ಹೆಚ್ಚಾಗಿ ಸಿಗುವುದು ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಒದ್ದೆ ಜಾಗದಲ್ಲಿ ಬದುಕುವಂಥದ್ದು, ಅಮಾಕ್ಸಿಸಿಲಿನ್‌ಗೆ ಜಗ್ಗುವುದಿಲ್ಲ. ಅದಕ್ಕೆ ಬೇರೆ ಔಷಧಿ ಬೇಕು, ಕೀವು ಕಟ್ಟಿದ್ದರೆ ತೆಗೆಯಬೇಕು.

ಈಗ 'ನೀವೇ ಕ್ಲೀನಾಗಿ ಇಟ್ಟುಕೊಂಡಿಲ್ಲ' ಅನ್ನುವ ಮಾತಿಗೆ ಬರ್ತೀನಿ, ಯಾಕಂದರೆ ಇದನ್ನು ಕೇಳಿ ಸುಮ್ಮನಾಗುವ ತಂದೆ ತಾಯಿ ತುಂಬಾ ಜನ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2000ದಲ್ಲಿ ಒಂದು ಆಭರಣದ ಗೂಡಂಗಡಿಯಲ್ಲಿ ಕಿವಿಯ ಮೇಲ್ಭಾಗಕ್ಕೆ ಚುಚ್ಚಿಸಿಕೊಂಡ 7 ಜನರಿಗೆ ಇದೇ ಸ್ಯೂಡೊಮೊನಾಸ್ ಸೋಂಕು ಖಚಿತವಾಯಿತು. ಆರೋಗ್ಯ ಇಲಾಖೆಯವರು ಅವರೆಲ್ಲ ಮನೆಯಲ್ಲಿ ಕಿವಿ ತೊಳೆದರೋ ಇಲ್ಲವೋ ಅಂತ ಮಾತ್ರ ಕೇಳಿ ಬಿಡಲಿಲ್ಲ, ಅಂಗಡಿಗೆ ಹೋಗಿ ಒಂದೊಂದು ವಸ್ತುವನ್ನೂ ಪರೀಕ್ಷೆ ಮಾಡಿದರು. ಬ್ಯಾಕ್ಟೀರಿಯಾ ಸಿಕ್ಕಿದ್ದು ಚುಚ್ಚುವ ಮುಂಚೆ ಕಿವಿಗೆ ಸಿಂಪಡಿಸುತ್ತಿದ್ದ ಸೋಂಕುನಾಶಕದ ಬಾಟಲಿಯಲ್ಲಿ! ಕ್ಲೀನ್ ಮಾಡಲಿಕ್ಕೆ ಅಂತ ಇಟ್ಟಿದ್ದ ನೀರೇ ಸೋಂಕು ಹಂಚಿತ್ತು. ಹಾಗೆ ಅಂಗಡಿಯೊಳಗೆ ಹೋಗಿ ಬಾಟಲಿ ತೆರೆದು ನೋಡುವ ಅಧಿಕಾರಿ ಇದ್ದದ್ದರಿಂದ ಸತ್ಯ ಹೊರಬಂತು. ನಮ್ಮಲ್ಲಿ ಹಾಗೆ ನೋಡುವವರು ಯಾರು?

ನೀವು ನೋಡಿದ ಆ ಲೈಸೆನ್ಸ್ ಬಗ್ಗೆಯೂ ಹೇಳಬೇಕು. ಅದು ವ್ಯಾಪಾರ ಪರವಾನಗಿ. ಇಂಥ ಜಾಗದಲ್ಲಿ ಇಂಥವರು ಇಂಥ ವ್ಯಾಪಾರ ಮಾಡಬಹುದು, ಶುಲ್ಕ ಕಟ್ಟಿದ್ದಾರೆ ಅಂತ ಮಾತ್ರ ಅದು ಹೇಳುತ್ತದೆ. ಸೂಜಿ ಹೊಸದೋ ಹಳೆಯದೋ, ಚುಚ್ಚುವವರಿಗೆ ತರಬೇತಿ ಇದೆಯೋ ಇಲ್ಲವೋ ಅದರಲ್ಲಿ ಇರುವುದಿಲ್ಲ. ಖಾಸಗಿ ಕ್ಲಿನಿಕ್‌ಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ನೋಂದಣಿ ಬೇಕು, ತಪಾಸಣೆ ಇದೆ. ಚುಚ್ಚುವ ಅಂಗಡಿ ಕ್ಲಿನಿಕ್ ಅಲ್ಲ, ಹಾಗಾಗಿ ಅದರೊಳಗೆ ಬರುವುದಿಲ್ಲ. ಇಂಥ ಅಂಗಡಿಗಳಿಗೇ ಅಂತ ಇಡೀ ದೇಶಕ್ಕೆ ಅನ್ವಯಿಸುವ ಕಾನೂನೂ ನಮ್ಮಲ್ಲಿಲ್ಲ. ಚರ್ಮ ತೂತು ಮಾಡಿ ಲೋಹ ಕೂರಿಸುವ ಕೆಲಸ ಇದು. ಅದಕ್ಕೆ ಒಂದು ಸಾಲಿನ ನಿಯಮವೂ ಇಲ್ಲ ಅನ್ನೋದು ನನಗೆ ಒಪ್ಪಲಿಕ್ಕೆ ಆಗುತ್ತಿಲ್ಲ.

ಆದರೂ ದಾರಿ ಇದೆ. ಕಿವಿಯ ಫೋಟೊ ತಾರೀಕಿನ ಸಮೇತ ತೆಗೆದಿಡಿ. ಬಿಲ್ ಇದ್ದರೆ ಬಿಲ್, ಇಲ್ಲವಾದರೆ ಯುಪಿಐ ಮೆಸೇಜ್ ಸಾಕು. ಡಾಕ್ಟರ ಚೀಟಿಯಲ್ಲಿ 'ಚುಚ್ಚಿದ ನಂತರದ ಸೋಂಕು' ಅಂತ ಬರೆಸಿಕೊಳ್ಳಿ. ಮಹಾನಗರ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ, ಬಾಯಲ್ಲಿ ಹೇಳಿ ಬರಬೇಡಿ. ಚಿಕಿತ್ಸೆಯ ಖರ್ಚು ಬೇಕು ಅಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಲೋಪ ಆಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಪರ. ಎರಡು ವರ್ಷದೊಳಗೆ ಹಾಕಬೇಕು, ವಕೀಲರು ಕಡ್ಡಾಯ ಅಲ್ಲ, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಮೊದಲು ವಿಚಾರಿಸಬೇಕು ಅನ್ನಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ತೀರಾ ನಿರ್ಲಕ್ಷ್ಯದಿಂದ ಗಾಯ ಆಗಿದೆ ಅಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ, ಆದರೆ ಮಗಳ ಕಿವಿ ಸರಿಹೋಗುವವರೆಗೆ ಪೊಲೀಸ್ ಸ್ಟೇಷನ್ ಅಲೆದಾಟ ಬೇಡ ಅಂತ ನನ್ನ ಸಲಹೆ.

ಗನ್ ಒಳ್ಳೇದಾ, ಸೂಜಿ ಒಳ್ಳೇದಾ?
— ವಿದ್ಯಾರ್ಥಿನಿ, ಭದ್ರಾವತಿ

ಸೂಜಿ. ಗನ್‌ನೊಳಗೆ ಸ್ಪ್ರಿಂಗ್ ಇರುತ್ತದೆ, ಅದು ಓಲೆಯನ್ನೇ ಜೋರಾಗಿ ನೂಕುತ್ತದೆ. ಓಲೆಯ ತುದಿ ಸೂಜಿಯಷ್ಟು ಚೂಪಲ್ಲ, ಹಾಗಾಗಿ ಮಾಂಸ ಕತ್ತರಿಸುವ ಬದಲು ಜಜ್ಜಿಕೊಂಡು ಹೋಗುತ್ತದೆ. ಮೆದುಮೂಳೆ ಬಿರುಕು ಬಿಡಲೂಬಹುದು. ಇನ್ನೊಂದು ತೊಂದರೆ, ಹಳೇ ಮಾದರಿ ಗನ್‌ನ ಮೈ ಪ್ಲಾಸ್ಟಿಕ್. ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರಕ್ಕೆ ಹಾಕಿದರೆ ಕರಗಿಹೋಗುತ್ತದೆ, ಅದಕ್ಕೇ ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ ಹಚ್ಚುತ್ತಾರೆ. ಸ್ಪಿರಿಟ್ ಒರೆಸಿದರೆ ಎಲ್ಲಾ ಸೋಂಕು ಸಾಯುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕಡೇಪಕ್ಷ 7 ದಿನ ಬದುಕಿರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಲೆಯಲ್ಲೂ.

ಒಂದೇ ಸಲ ಬಳಸಿ ಎಸೆಯುವ ಕ್ಯಾಸೆಟ್ ಇರುವ ಹೊಸ ಮಾದರಿಗಳೂ ಬಂದಿವೆ. ಅದರಲ್ಲಿ ಕಿವಿಗೆ ತಾಗುವ ಭಾಗ ಮೊಹರಾದ ಪೊಟ್ಟಣದಿಂದ ಬರುತ್ತದೆ. ಕಿವಿಯ ಹಾಲೆಗೆ ಅದು ಪರವಾಗಿಲ್ಲ. ಕಿವಿಯ ಮೇಲ್ಭಾಗಕ್ಕೂ ಮೂಗಿಗೂ ಯಾವ ಗನ್ನೂ ಬೇಡ.

ತೀರ್ಥಹಳ್ಳಿಯಲ್ಲಿ ಪಿಯರ್ಸಿಂಗ್ ಮತ್ತು ಟ್ಯಾಟೂ ಅಂಗಡಿ ಹಾಕಬೇಕು ಅಂತಿದ್ದೇನೆ. ಬೆಂಗಳೂರಿನಲ್ಲಿ ಕೆಲಸ ಕಲಿತಿದ್ದೇನೆ. ಪಟ್ಟಣ ಪಂಚಾಯಿತಿಯಲ್ಲಿ ವಿಚಾರಿಸಿದರೆ 'ಬ್ಯೂಟಿ ಪಾರ್ಲರ್ ಅಂತ ಅರ್ಜಿ ಹಾಕಿ' ಅಂದರು. ಸರಿಯಾಗಿ ಮಾಡಬೇಕು ಅನ್ನೋ ಆಸೆ ಇದೆ. ಏನೆಲ್ಲಾ ಇಟ್ಟುಕೊಳ್ಳಬೇಕು?
— ಯುವಕ, ತೀರ್ಥಹಳ್ಳಿ

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಕೇಳುವವರಿಲ್ಲದ ಕಡೆ ತಾನಾಗಿಯೇ ಕೇಳಿ ಬಂದವರು ನೀವು.

ಕಾಗದದ ಕೆಲಸ ಚಿಕ್ಕದು. ಪಟ್ಟಣ ಪಂಚಾಯಿತಿಯ ವ್ಯಾಪಾರ ಪರವಾನಗಿ, ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ನೋಂದಣಿ. ಅರ್ಜಿಯಲ್ಲಿ ಬ್ಯೂಟಿ ಪಾರ್ಲರ್ ಅಂತಷ್ಟೇ ಬರೆದು ಬಿಡಬೇಡಿ, 'ಚರ್ಮ ಚುಚ್ಚುವ ಮತ್ತು ಹಚ್ಚೆ ಹಾಕುವ ಕೆಲಸ' ಅಂತ ಸ್ಪಷ್ಟವಾಗಿ ಸೇರಿಸಿ. ನಾಳೆ ಪಂಚಾಯಿತಿಯವರು ಇಂಥ ಅಂಗಡಿ ಎಷ್ಟಿವೆ ಅಂತ ಲೆಕ್ಕ ತೆಗೆದರೆ ಕಡತದಲ್ಲಿ ಕಾಣಬೇಕಲ್ವಾ?

ಕಾನೂನು ಇರುವ ಕಡೆ ಏನು ಕೇಳುತ್ತಾರೆ ಅಂತ ನೋಡಿದರೆ ನಿಮಗೆ ಅಂದಾಜು ಸಿಗುತ್ತದೆ. ಇಂಗ್ಲೆಂಡ್‌ನಲ್ಲಿ ಕಿವಿ ಚುಚ್ಚುವವರು, ಹಚ್ಚೆಯವರು ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ ಮಾಡಿಸಲಿ ಅಂತ 1982ರಲ್ಲೇ ಕಾಯ್ದೆ ಬಂತು. 2003ರಲ್ಲಿ ಮೈಯ ಬೇರೆ ಭಾಗ ಚುಚ್ಚುವವರನ್ನೂ ಸೇರಿಸಿದರು. ಪಕ್ಕದ ವೇಲ್ಸ್ ಇನ್ನೂ ಮುಂದೆ ಹೋಗಿದೆ. 2024ರ ನವೆಂಬರ್ 29ರಿಂದ ಅಲ್ಲಿ ಚುಚ್ಚುವ ವ್ಯಕ್ತಿಗೇ ಲೈಸೆನ್ಸ್ ಬೇಕು, ಅಂಗಡಿಗೆ ಬೇರೆ ಮಂಜೂರಾತಿ ಬೇಕು, ಸೋಂಕು ತಡೆಯುವ ಬಗ್ಗೆ ತರಬೇತಿ ಪಡೆದ ಪ್ರಮಾಣಪತ್ರ ಇಲ್ಲದೆ ಲೈಸೆನ್ಸ್ ಸಿಗುವುದಿಲ್ಲ. ನೀವು ತೀರ್ಥಹಳ್ಳಿಯಲ್ಲಿ ಕೂತು ಇದೇ ಮಟ್ಟಕ್ಕೆ ಕೆಲಸ ಮಾಡಬಹುದು.

ಸೂಜಿ ಒಬ್ಬರಿಗೆ ಒಂದೇ. ನಮ್ಮ ಕಡೆ ಹೆಚ್ಚಿನವರು ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಕ್ಯಾನುಲಾ ಸೂಜಿ ಬಳಸ್ತಾರೆ, ಅದು ಸ್ಟೆರೈಲ್ (ಕ್ರಿಮಿ ಇಲ್ಲದ) ಪೊಟ್ಟಣದಲ್ಲೇ ಬರುತ್ತದೆ. ಪೊಟ್ಟಣದ ಮೇಲೆ ಅವಧಿ ಮುಗಿಯುವ ತಾರೀಕು ಇರುತ್ತದೆ, ವೃತ್ತದೊಳಗೆ 2 ಅಂಕಿ ಬರೆದು ಅಡ್ಡಗೆರೆ ಎಳೆದ ಚಿಹ್ನೆ ಇರುತ್ತದೆ. ಎರಡನೇ ಸಲ ಬಳಸಬೇಡಿ ಅನ್ನೋದೇ ಅದರ ಅರ್ಥ. ಪೊಟ್ಟಣವನ್ನು ಗಿರಾಕಿಯ ಕಣ್ಣೆದುರೇ ಬಿಚ್ಚಿ, ಮುಂಚೆ ಬಿಚ್ಚಿ ಟ್ರೇಯಲ್ಲಿ ಜೋಡಿಸಿಡಬೇಡಿ.

ಇಕ್ಕುಳ, ಕ್ಲಾಂಪ್, ಆಭರಣ ಇವೆಲ್ಲ ಆಟೋಕ್ಲೇವ್ ಆಗಬೇಕು. ನೀರಲ್ಲಿ ಕುದಿಸೋದು ಸಾಲದು, ಕೆಲವು ಬ್ಯಾಕ್ಟೀರಿಯಾಗಳ ಗಟ್ಟಿ ಬೀಜಾಣುಗಳು ಕುದಿಯುವ ನೀರಿಗೆ ಸಾಯುವುದಿಲ್ಲ. ಪೊಟ್ಟಣ ಕಟ್ಟಿದ ಸಾಮಾನಿಗೆ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಹಬೆಯ ಒತ್ತಡ ಬೇಕು. ಈ ನಿಮಿಷದ ಲೆಕ್ಕ ಶುರುವಾಗೋದು ಬಿಸಿ ಏರಿದ ಮೇಲೆ, ಸ್ವಿಚ್ ಹಾಕಿದಾಗಿನಿಂದ ಅಲ್ಲ. ಮಳೆಗಾಲದಲ್ಲಿ ನಿಮ್ಮಲ್ಲಿ ಕರೆಂಟ್ ಹೋಗೋದು ಬರೋದು ಜಾಸ್ತಿ. ನಡುವೆ ಕರೆಂಟ್ ಹೋದರೆ ಉಳಿದ ನಿಮಿಷ ಮಾತ್ರ ಓಡಿಸಿ ಮುಗಿಸುವ ಹಾಗಿಲ್ಲ, ಮೊದಲಿನಿಂದ ಶುರು ಮಾಡಬೇಕು. ಪೊಟ್ಟಣ ಒದ್ದೆಯಾಗಿ ಹೊರಬಂದರೆ ಅದೂ ಲೆಕ್ಕಕ್ಕಿಲ್ಲ, ಒದ್ದೆ ಕಾಗದದೊಳಗೆ ಸೋಂಕು ಸುಲಭವಾಗಿ ನುಸುಳುತ್ತದೆ. ಪೊಟ್ಟಣಕ್ಕೆ ಅಂಟಿಸುವ ಇಂಡಿಕೇಟರ್ ಟೇಪಿನ ಗೆರೆಗಳು ಕಪ್ಪಾದರೆ ಬಿಸಿ ತಾಗಿದೆ ಅಂತಷ್ಟೇ ಗೊತ್ತಾಗುತ್ತದೆ. ನಿಜವಾಗಿ ಕ್ರಿಮಿ ಸತ್ತಿದೆಯಾ ಅಂತ ತಿಳಿಯಲು ಆಗಾಗ ಬೀಜಾಣು ಪರೀಕ್ಷೆ (ಬೀಜಾಣುಗಳನ್ನು ಸಾಮಾನಿನ ಜೊತೆ ಯಂತ್ರಕ್ಕೆ ಹಾಕಿ, ಅವು ಸತ್ತಿವೆಯಾ ಅಂತ ನೋಡುವುದು) ಮಾಡಿಸಿ. ತಾರೀಕು, ಹೊತ್ತು, ಫಲಿತಾಂಶ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆ ಪುಸ್ತಕ ಗಿರಾಕಿಗೆ ಕಾಣುವ ಹಾಗೆ ಟೇಬಲ್ ಮೇಲಿರಲಿ.

ಸಣ್ಣ ಸಣ್ಣ ವಿಷಯದಲ್ಲೇ ಎಡವೋದು. ಗುರುತು ಹಾಕುವ ಪೆನ್ ನೋಡಿ, ಒಂದೇ ಸ್ಕೆಚ್ ಪೆನ್ ದಿನವಿಡೀ ಕಿವಿಯಿಂದ ಕಿವಿಗೆ ಓಡಾಡುತ್ತದೆ! ಗ್ಲೌಸ್ ಹಾಕಿದ ಕೈಯಲ್ಲೇ ಮೊಬೈಲ್ ಎತ್ತಿ ಮಾತಾಡಿ, ಅದೇ ಕೈಯಲ್ಲಿ ಸೂಜಿ ಹಿಡಿಯುತ್ತಾರೆ. ಒಂದೇ ಬಟ್ಟೆಯಲ್ಲಿ ಎಲ್ಲರ ರಕ್ತ ಒರೆಸುತ್ತಾರೆ, ಆಷಾಢದಲ್ಲಿ ಆ ಬಟ್ಟೆ ಒಣಗುವುದೂ ಇಲ್ಲ. ಬಟ್ಟೆಯೇ ಬೇಡ, ಬಿಸಾಡುವ ಗಾಜ್ ಇಡಿ.

ಬಳಸಿದ ಸೂಜಿ ಕಸದ ಬುಟ್ಟಿಗೆ ಹೋಗಬಾರದು. ಪೌರಕಾರ್ಮಿಕರು ಆ ಕಸವನ್ನು ಕೈಯಲ್ಲಿ ಬೇರ್ಪಡಿಸುತ್ತಾರೆ, ಅವರ ಬೆರಳಿಗೆ ಚುಚ್ಚಿದರೆ ನಿಮ್ಮ ಗಿರಾಕಿಯ ಕಾಯಿಲೆ ಅವರ ಮನೆಗೆ ಹೋಗುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಆಸ್ಪತ್ರೆಗಳಿಗೆ ಹೇಳಿರುವ ಹಾಗೆ, ಚುಚ್ಚಿದರೂ ತೂತಾಗದ ಬಿಳಿ ಡಬ್ಬದಲ್ಲಿ ಹಾಕಿ. ಆಸ್ಪತ್ರೆಗಳ ತ್ಯಾಜ್ಯ ಒಯ್ಯುವ ಸಂಸ್ಥೆಯ ಜೊತೆ ನೀವೂ ಒಪ್ಪಂದ ಮಾಡಿಕೊಳ್ಳಿ, ಆಗದಿದ್ದರೆ ಊರಿನ ಒಂದು ಕ್ಲಿನಿಕ್ ಜೊತೆ ಮಾತಾಡಿ. ನೀವು, ನಿಮ್ಮ ಸಹಾಯಕರು ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಳ್ಳಿ, ಮೊದಲನೆಯದು ಇವತ್ತು ಅಂದರೆ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ.

ಟ್ಯಾಟೂ ಶಾಯಿಯ ವಿಷಯ ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳುತ್ತೇನೆ, ಅದೇ ದೊಡ್ಡ ಕಥೆ.

ನಮ್ಮ ಅಜ್ಜನ ಕಾಲದಿಂದ ಮಕ್ಕಳಿಗೆ ಕಿವಿ ಚುಚ್ಚುತ್ತಾ ಬಂದಿದ್ದೇವೆ. ಚಿನ್ನದ ತಂತಿಯನ್ನೇ ಚೂಪು ಮಾಡಿ ಚುಚ್ಚುವುದು. ಈಗಿನ ತಾಯಂದಿರು ಗ್ಲೌಸ್ ಎಲ್ಲಿ, ಸ್ಟೆರೈಲ್ ಇದೆಯಾ ಅಂತ ಕೇಳುತ್ತಾರೆ. ನಮ್ಮ ಕೆಲಸ ತಪ್ಪಾ?
— ಅಕ್ಕಸಾಲಿ, ಹೊಸನಗರ

ಖಂಡಿತ ತಪ್ಪಲ್ಲ. ನಿಮ್ಮ ಕೈಯಲ್ಲಿರುವ ಅಳತೆ, ಎರಡೂ ಕಿವಿಯ ತೂತು ಒಂದೇ ಮಟ್ಟಕ್ಕೆ ಬರುವ ಹಾಗೆ ಮಗುವಿನ ತಲೆ ಹಿಡಿಸುವ ರೀತಿ, ಒಂದೇ ಏಟಿಗೆ ತಂತಿ ದಾಟಿಸಿ ಬಾಗಿಸುವ ಚುರುಕು, ಇದು ಗನ್ ಹಿಡಿದವರಿಗೆ ಇಲ್ಲ. ಶುದ್ಧ ಚಿನ್ನದ ತಂತಿಗೆ ಅಲರ್ಜಿಯೂ ಅಪರೂಪ. ಒಂದು ಮಗುವಿಗೆ ಹಾಕಿದ ತಂತಿ ಆ ಮಗುವಿಗೇ ಹೋಗುತ್ತದೆ, ಹಾಗಾಗಿ ಸೂಜಿ ಹಂಚಿಕೊಳ್ಳುವ ಪ್ರಶ್ನೆಯೂ ನಿಮ್ಮಲ್ಲಿಲ್ಲ. ಇಷ್ಟೆಲ್ಲ ಒಳ್ಳೆಯದನ್ನು ಇಟ್ಟುಕೊಂಡು ಉಳಿದ ಸ್ವಲ್ಪವನ್ನು ಸರಿ ಮಾಡಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ.

ನೀವು ತಂತಿಯ ತುದಿಯನ್ನು ಬೆಂಕಿಗೆ ಹಿಡಿಯುತ್ತೀರಿ. ಬೆಂಕಿ ಕ್ರಿಮಿಯನ್ನು ಕೊಲ್ಲುತ್ತದೆ, ನಿಜ. ಆದರೆ ಆರಲಿ ಅಂತ ಕೆಲಸದ ಮಣೆ ಮೇಲೆ ಇಟ್ಟು, ಬರಿಗೈಯಲ್ಲಿ ತುದಿ ಮುಟ್ಟಿ ನೋಡಿ, ಎಣ್ಣೆ ಸವರಿ ಚುಚ್ಚಿದರೆ ಬೆಂಕಿಯ ಕೆಲಸ ಅಲ್ಲಿಗೇ ಹೋಯಿತು. ತಂತಿಗಳನ್ನು ಮುಂಚೆಯೇ ಚೂಪು ಮಾಡಿ, ಜೋಡಿ ಜೋಡಿಯಾಗಿ ಪೊಟ್ಟಣಕ್ಕೆ ಹಾಕಿ ಆಟೋಕ್ಲೇವ್ ಮಾಡಿಸಿಡಿ. ಕುಕ್ಕರ್ ಮಾದರಿಯ ಸಣ್ಣ ಆಟೋಕ್ಲೇವ್ ಸರ್ಜಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಊರಿನ ಹಲ್ಲಿನ ಡಾಕ್ಟರರನ್ನು ಕೇಳಿದರೂ ಅವರ ಯಂತ್ರದಲ್ಲಿ ಹಾಕಿಕೊಡಬಹುದು. ಮೊದಲು ಸೋಪು ಹಚ್ಚಿ ಕೈ ತೊಳೆದು, ಆಮೇಲೆ ಗ್ಲೌಸ್. ಮಗುವಿನ ಕಿವಿ ಒರೆಸಲು ಹೊಸ ಹತ್ತಿ, ಹೊಸ ಸ್ಪಿರಿಟ್, ಒಣಗಿದ ಮೇಲೆ ಚುಚ್ಚುವುದು. ಚುಚ್ಚಿದ ಮೇಲೆ ಅರಿಶಿನ ಬೇಡ. ಅಡುಗೆಮನೆಯ ಡಬ್ಬದ ಅರಿಶಿನ ಎಷ್ಟು ಜನರ ಚಮಚ ಕಂಡಿದೆಯೋ! ಹಸಿ ಗಾಯಕ್ಕೆ ಅದನ್ನು ತುಂಬಬಾರದು.

ಆ ತಾಯಂದಿರು ನಿಮ್ಮನ್ನು ಅವಮಾನ ಮಾಡಲು ಕೇಳುತ್ತಿಲ್ಲ. ಮಕ್ಕಳನ್ನು ನಿಮ್ಮ ಮಡಿಲಿಗೇ ಕೊಡುತ್ತಿದ್ದಾರೆ, ಕೇಳುವುದು ಅವರ ಹಕ್ಕು.

ಮೊಮ್ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ ಮಾಡಬೇಕು. ಯಾವ ತಿಂಗಳಲ್ಲಿ ಒಳ್ಳೆಯದು? ನೋವಾಗದ ಹಾಗೆ ಇಂಜೆಕ್ಷನ್ ಕೊಡಿಸಬಹುದಾ?
— ಅಜ್ಜಿ, ಸಾಗರ

ಮುಹೂರ್ತ ನಿಮ್ಮ ಪುರೋಹಿತರನ್ನು ಕೇಳಿ. ಆರೋಗ್ಯದ ಲೆಕ್ಕದಲ್ಲಿ ಹೇಳುವುದಾದರೆ ಮಗುವಿಗೆ ಆರು, ಹತ್ತು, ಹದಿನಾಲ್ಕು ವಾರದ ಲಸಿಕೆಗಳು ಆಗಲಿ. ಅದರಲ್ಲಿ ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಎರಡಕ್ಕೂ ರಕ್ಷಣೆ ಇದೆ. ಜೋರು ಮಳೆಯ ತಿಂಗಳುಗಳನ್ನು ಬಿಡಿ, ಕಾರ್ತಿಕ ಕಳೆದ ಮೇಲೆ ಗಾಯ ಒಣಗಿಸಿಟ್ಟುಕೊಳ್ಳುವುದು ಸುಲಭ.

ಇಂಜೆಕ್ಷನ್ ಬೇಡವೇ ಬೇಡ. ಒಂದು ಕ್ಷಣದ ನೋವಿಗೆ ಪುಟ್ಟ ಮಗುವಿಗೆ ಅರಿವಳಿಕೆ ಕೊಡುವ ಅಗತ್ಯ ಇಲ್ಲ, ಅಷ್ಟು ಸಣ್ಣ ಮೈಗೆ ಡೋಸ್ ಸ್ವಲ್ಪ ಹೆಚ್ಚಾದರೂ ಅಪಾಯ. ಚುಚ್ಚುವಾಗ ತಾಯಿ ಎದೆಹಾಲು ಕುಡಿಸುತ್ತಿದ್ದರೆ ಮಗು ಬೇಗ ಸಮಾಧಾನ ಆಗುತ್ತದೆ. ಓಲೆಯ ಹಿಂದಿನ ತಿರುಪು ಬಿಗಿಯಾಗಿ ಒತ್ತಬಾರದು, ಊತಕ್ಕೆ ಜಾಗ ಬಿಡಬೇಕು. ತಿರುಪು ಸಡಿಲವಾಗಿ ಬಿದ್ದು ಮಗು ನುಂಗುವ ಹಾಗೂ ಇರಬಾರದು. ಅದಕ್ಕೇ ಸಣ್ಣ ಮಕ್ಕಳಿಗೆ ಬಾಗಿಸಿದ ತಂತಿಯೇ ವಾಸಿ.

ನನಗೆ 16. ನಾಲಿಗೆಗೆ ಹಾಕಿಸಿಕೊಳ್ಳಬೇಕು. ಮನೇಲಿ ಬೇಡ ಅಂತಾರೆ, ಆದರೆ ಶಿವಮೊಗ್ಗದ ಅಂಗಡಿಯವರು ವಯಸ್ಸು ಕೇಳಲ್ಲ ಅಂತ ಫ್ರೆಂಡ್ ಹೇಳಿದ.
— ಶೃಂಗೇರಿ

ವಯಸ್ಸು ಕೇಳದ ಅಂಗಡಿ ಸೂಜಿಯ ಬಗ್ಗೆಯೂ ತಲೆಕೆಡಿಸಿಕೊಂಡಿರುವುದಿಲ್ಲ, ಇದನ್ನು ಮಾತ್ರ ನೆನಪಿಡು. ನಮ್ಮಲ್ಲಿ ಇದಕ್ಕೆ ಅಂತ ವಯಸ್ಸಿನ ಕಾನೂನು ಇಲ್ಲದಿದ್ದರೂ 18 ತುಂಬದವರು ಮಾಡುವ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. ನೀನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೂ ಅದಕ್ಕೆ ಬೆಲೆ ಇಲ್ಲ. ವೇಲ್ಸ್‌ನಲ್ಲಿ 2018ರಿಂದ 18ಕ್ಕಿಂತ ಚಿಕ್ಕವರಿಗೆ ನಾಲಿಗೆ ಚುಚ್ಚುವುದೇ ಅಪರಾಧ, ಮನೆಯವರು ಒಪ್ಪಿದರೂ ಸರಿ.

ನಾಲಿಗೆಯಲ್ಲಿ ದೊಡ್ಡ ರಕ್ತನಾಳಗಳಿವೆ. ಚುಚ್ಚಿದ ಮೇಲೆ ಊದಿ ಉಸಿರಿಗೆ ತೊಂದರೆ ಆದವರಿದ್ದಾರೆ. ಲೋಹದ ಗುಂಡು ದಿನವೂ ಹಲ್ಲಿಗೆ ತಾಗಿ ಹಲ್ಲು ಸೀಳುತ್ತದೆ, ಮುಂದಿನ ಒಸಡು ಕೆಳಗೆ ಸರಿಯುತ್ತದೆ. ಸರಿದ ಒಸಡು ತಾನಾಗಿ ಮತ್ತೆ ಮೇಲೆ ಬರುವುದಿಲ್ಲ. ಎರಡು ವರ್ಷ ಕಾಯಿ. ಅಷ್ಟರಲ್ಲಿ ಆಸೆ ಹಾಗೇ ಇದ್ದರೆ, ಏನು ಕೇಳಬೇಕು ಅಂತ ತಿಳಿದುಕೊಂಡು ಹೋಗು. ಬೈಯ್ತಿಲ್ಲ ನಾನು, ಪತ್ರ ಬರೆದು ಕೇಳಿದ್ದೇ ಒಳ್ಳೆಯದಾಯಿತು.

ಜಾತ್ರೆಯಲ್ಲಿ ಗೆಳೆಯರೆಲ್ಲ ಸೇರಿ ಕೈಗೆ ಹಚ್ಚೆ ಹಾಕಿಸಿಕೊಂಡು, ಒಬ್ಬನೇ ಎಲ್ಲರಿಗೂ ಕಿವಿಗೆ ಚುಚ್ಚಿದ. ಸೂಜಿ ಬದಲಾಯಿಸಿದ್ದು ನೋಡಲಿಲ್ಲ. ಒಂದು ತಿಂಗಳಾಯಿತು, ಈಗ ಭಯ ಆಗುತ್ತಿದೆ.
— ಕೃಷಿಕ, ಸೊರಬ

ಭಯಪಟ್ಟು ಕೂರಬೇಡಿ, ಪರೀಕ್ಷೆ ಮಾಡಿಸಿ, ಗೆಳೆಯರನ್ನೂ ಕರೆದುಕೊಂಡು ಹೋಗಿ. ನೋಡಬೇಕಾದ್ದು ಮೂರು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ. ಜಿಲ್ಲಾ ಆಸ್ಪತ್ರೆಯ ಐಸಿಟಿಸಿ (ಆಪ್ತ ಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೇ ಇಡುತ್ತಾರೆ. ಹೆಪಟೈಟಿಸ್‌ಗೆ 2018ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದೆ, ಪರೀಕ್ಷೆಯೂ ಔಷಧಿಯೂ ಉಚಿತ. ಇವತ್ತು ನೆಗೆಟಿವ್ ಬಂದರೆ ಅಲ್ಲಿಗೇ ಮುಗಿಯಲಿಲ್ಲ, ಯಾಕಂದರೆ ಸೋಂಕು ರಕ್ತದಲ್ಲಿ ಕಾಣಲು ಸಮಯ ಬೇಕು. ಚುಚ್ಚಿಸಿಕೊಂಡ ಮೂರು ತಿಂಗಳಿಗೆ ಮತ್ತೆ ಮಾಡಿಸಿ, ಹೆಪಟೈಟಿಸ್‌ಗೆ ಆರು ತಿಂಗಳಿಗೂ ಒಮ್ಮೆ. ಅಲ್ಲಿವರೆಗೆ ರೇಜರ್ ಹಂಚಿಕೊಳ್ಳಬೇಡಿ, ದಾಂಪತ್ಯದಲ್ಲಿ ಕಾಂಡೋಮ್ ಬಳಸಿ. ರಕ್ತ ಮಾತ್ರ ಚುಚ್ಚಿಸಿಕೊಂಡ 12 ತಿಂಗಳವರೆಗೆ ಕೊಡಬೇಡಿ.

ಬೇರೆಯವರಿಗಾಗಿ ಇನ್ನೊಂದು ಮಾತು. ಬೇರೆಯವರ ರಕ್ತ ತಾಗಿದ ಸೂಜಿ ಚುಚ್ಚಿದೆ ಅಂತ ಆವತ್ತೇ ಗೊತ್ತಾದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಬಹುದು, ಅದು 28 ದಿನದ ಕೋರ್ಸ್. ಹೆಪಟೈಟಿಸ್ ಬಿ ಲಸಿಕೆಯನ್ನೂ ಆಗಲೇ ಕೊಡುತ್ತಾರೆ. ತಡಮಾಡಿದಷ್ಟೂ ಇವೆರಡರ ಉಪಯೋಗ ಕಡಿಮೆ.

ಚಿನ್ನದ ಓಲೆ ಹಾಕಿದರೆ ಏನೂ ಆಗಲ್ಲ, ಗಿಲೀಟು ಹಾಕಿದರೆ ತುರಿಕೆ, ನೀರು ಸೋರುತ್ತೆ.
— ಶಿಕ್ಷಕಿ, ರಿಪ್ಪನ್‌ಪೇಟೆ

ನಿಕ್ಕಲ್ ಅಲರ್ಜಿ. ಒಮ್ಮೆ ಬಂದರೆ ಹೆಚ್ಚಿನವರಲ್ಲಿ ಜೀವನಪೂರ್ತಿ ಇರುತ್ತದೆ, ವಾಚಿನ ಬಕಲ್ಲು, ಜೀನ್ಸ್ ಗುಂಡಿಗೂ ತುರಿಸಬಹುದು. ಯುರೋಪಿನಲ್ಲಿ ಚುಚ್ಚಿದ ಜಾಗಕ್ಕೆ ಹಾಕುವ ಆಭರಣದಿಂದ ನಿಕ್ಕಲ್ ಎಷ್ಟು ಬಿಡುಗಡೆ ಆಗಬಹುದು ಅಂತ ಮಿತಿ ಇದೆ, ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಮ್‌ಗಿಂತ ಕಡಿಮೆ ಇರಬೇಕು. ಗಿಲೀಟು ಬಿಡಿ. ಹೊಸದಾಗಿ ಚುಚ್ಚಿಸುವಾಗ ಹಾಲ್‌ಮಾರ್ಕ್ ಇರುವ 916 ಚಿನ್ನ, ಅಥವಾ ದೇಹದೊಳಗೆ ಕೂರಿಸುವ ದರ್ಜೆಯ ಟೈಟೇನಿಯಂ ಕೇಳಿ. ತೂತು ಪೂರ್ತಿ ಮಾಯುವವರೆಗೆ ಆಭರಣ ಬದಲಾಯಿಸಬೇಡಿ: ಹಾಲೆಗೆ ಆರರಿಂದ ಎಂಟು ವಾರ, ಮೂಗಿಗೆ ನಾಲ್ಕರಿಂದ ಆರು ತಿಂಗಳು, ಹೊಕ್ಕುಳಿಗೆ ಒಂದು ವರ್ಷವೂ ಆಗಬಹುದು. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಹಾಕಿ ದಿನಕ್ಕೆರಡು ಸಲ ತೊಳೆದರೆ ಸಾಕು. ಓಲೆ ತಿರುಗಿಸುತ್ತಾ ಇರಬೇಡಿ. ಹೊಳೆಯಲ್ಲಿ ಈಜು, ಎಳ್ಳಮಾವಾಸ್ಯೆಗೆ ತುಂಗೆಯಲ್ಲಿ ಮುಳುಗು ಇವೆಲ್ಲ ಗಾಯ ಮಾಗಿದ ಮೇಲೆ.

ಮೂಗು ಚುಚ್ಚಿಸಿಕೊಂಡು ಮೂರು ತಿಂಗಳು. ರಕ್ತದಾನ ಮಾಡಬಹುದಾ?
— ಕಾಲೇಜು ವಿದ್ಯಾರ್ಥಿನಿ, ಶಿಕಾರಿಪುರ

ಇಲ್ಲ, 12 ತಿಂಗಳು ಕಾಯಬೇಕು. ಶಿಬಿರದಲ್ಲಿ ಕೇಳದಿದ್ದರೂ ನೀವೇ ಹೇಳಿ.

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರ ಜಾತ್ರೆಗೆ ಪ್ರತಿವರ್ಷ ಹಚ್ಚೆಯವರು, ಕಿವಿ ಚುಚ್ಚುವವರು ಬರುತ್ತಾರೆ. ಕಾನೂನೇ ಇಲ್ಲ ಅಂದಮೇಲೆ ನಾವೇನು ಮಾಡಲು ಸಾಧ್ಯ?
— ಸಾಗರ ತಾಲ್ಲೂಕು

ನೀವು ಮಾಡಬಹುದಾದಷ್ಟು ಬೆಂಗಳೂರಿನವರಿಗೂ ಮಾಡಲಿಕ್ಕಾಗುವುದಿಲ್ಲ. ಜಾತ್ರೆಯಲ್ಲಿ ಅಂಗಡಿಗೆ ಜಾಗ ಕೊಡುವವರು ನೀವು ಮತ್ತು ದೇವಸ್ಥಾನ ಸಮಿತಿ. ಜಾಗ ಕೊಡುವಾಗ ಷರತ್ತು ಹಾಕಲು ದೆಹಲಿಯ ಕಾನೂನಿಗೆ ಕಾಯಬೇಕಿಲ್ಲ. ಹೋಟೆಲಿನವರಿಗೆ ನೀರು ಮುಚ್ಚಿಡಿ ಅಂತ ಹೇಳುತ್ತೀರಲ್ವಾ, ಇವರಿಗೂ ಹೇಳಿ.

ಬರುವ ಸಭೆಯಲ್ಲಿ ಒಂದು ಠರಾವು ಇಡಿ. ಉದ್ದ ಬೇಡ. ಪ್ರತಿಯೊಬ್ಬರಿಗೂ ಮೊಹರಾದ ಹೊಸ ಸೂಜಿ, ಗಿರಾಕಿಯ ಎದುರೇ ಬಿಚ್ಚಬೇಕು. ಹಚ್ಚೆಯ ಶಾಯಿ ಪ್ರತಿಯೊಬ್ಬರಿಗೆ ಬೇರೆ ಸಣ್ಣ ಮುಚ್ಚಳದಲ್ಲಿ, ಉಳಿದದ್ದು ಬಾಟಲಿಗೆ ವಾಪಸ್ ಹೋಗಬಾರದು. ಕೈ ತೊಳೆಯಲು ನೀರು ಮತ್ತು ಸೋಪು ಇರಬೇಕು. ಬಳಸಿದ ಸೂಜಿಗೆ ಮುಚ್ಚುವ ಡಬ್ಬ. 18 ತುಂಬದವರಿಗೆ ತಂದೆ ತಾಯಿ ಜೊತೆಗಿಲ್ಲದೆ ಚುಚ್ಚುವ ಹಾಗಿಲ್ಲ. ಗನ್‌ನಲ್ಲಿ ಕಿವಿಯ ಮೇಲ್ಭಾಗ, ಮೂಗು ಚುಚ್ಚುವ ಹಾಗಿಲ್ಲ. ಅಂಗಡಿಯವರ ಹೆಸರು, ಫೋನ್ ನಂಬರ್ ಪಂಚಾಯಿತಿಯಲ್ಲಿ ಬರೆದಿರಬೇಕು, ಯಾಕಂದರೆ ಮೇಲೆ ಬರೆದ ಸೊರಬದವರಿಗೆ ಇವತ್ತು ಆ ಮನುಷ್ಯನನ್ನು ಹುಡುಕಲಿಕ್ಕೂ ದಾರಿ ಇಲ್ಲ. ಜಾತ್ರೆಯ ಮೊದಲ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ನಿರೀಕ್ಷಕರನ್ನು ಜೊತೆಗೆ ಕರೆದುಕೊಂಡು ಒಂದು ಸುತ್ತು ಬನ್ನಿ. ಆಶಾ ಕಾರ್ಯಕರ್ತೆಯರೂ ಬರಲಿ, ಊರಿನ ಹೆಣ್ಣುಮಕ್ಕಳು ಅವರ ಮಾತು ಕೇಳುತ್ತಾರೆ.

ಶಿವಮೊಗ್ಗ ನಗರದ ಓದುಗರಿಗೂ ಇದನ್ನೇ ಹೇಳುತ್ತೇನೆ. ಪಾಲಿಕೆಯ ವ್ಯಾಪಾರ ಪರವಾನಗಿಯ ಹಿಂಬದಿಯಲ್ಲಿ ಇಷ್ಟೇ ಷರತ್ತು ಅಚ್ಚು ಹಾಕಿಸಿ ಅಂತ ನಿಮ್ಮ ವಾರ್ಡಿನಿಂದ ಮನವಿ ಕೊಡಿ. ಇಂಥ ಅಂಗಡಿ ನಗರದಲ್ಲಿ ಎಷ್ಟಿವೆ, ಕೊನೆಯ ಸಲ ಯಾವಾಗ ತಪಾಸಣೆ ಆಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಅರ್ಜಿ 150 ಪದ ಮೀರಬಾರದು, 30 ದಿನದಲ್ಲಿ ಉತ್ತರ ಬರಬೇಕು. ಬಂದ ಉತ್ತರದ ಒಂದು ಪ್ರತಿ ನನಗೂ ಕಳಿಸಿ. ಸಾಗರದ ಸದಸ್ಯೆಯವರು ಠರಾವಿನ ಪ್ರತಿ ಕಳಿಸಿದರೆ ಬೇರೆ ಪಂಚಾಯಿತಿಗಳಿಗೂ ಉಪಯೋಗ ಆಗುವ ಹಾಗೆ ಇಲ್ಲೇ ಪೂರ್ತಿ ಅಚ್ಚು ಹಾಕುತ್ತೇವೆ.